ಬುತ್ತಿಯ ಇನ್ನೊಂದು ಕೀಲಿ

ಕರ್ವೆನಗರ, ಪುಣೆ
೧೩ ಜುಲೈ ೨೦೨೫, ರವಿವಾರ

ಪ್ರೀತಿಯ ತಮ್ಮ ವಿನೂ,

‘ಪ್ರೀತಿಯ’ ಅಂತ ಬರೆದು ಪೆನ್ನು ಕೆಳಗಿಟ್ಟು ಕೂತಿದ್ದೆ. ಹೊಡೆದುಹಾಕಲೋ ಬಿಡಲೋ ತಿಳಿಯಲಿಲ್ಲ. ಕಾಗದ ಹಾಳಾಗುತ್ತದೆ ಅಂತ ಬಿಟ್ಟಿದ್ದೇನೆ. ಆರಾಮ ಇದ್ದೀಯಾ? ಹೊಟ್ಟೆಯ ಉರಿ ಹೇಗಿದೆ? ಪಾಠ ಮುಗಿಸಿ ಕಾಲೇಜಿನ ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುವುದನ್ನು ಬಿಟ್ಟಿದ್ದೀಯೋ, ಇಲ್ಲ ಬಿಟ್ಟಿದ್ದೇನೆ ಅಂತ ಅವ್ವನ ಮುಂದೆ ಹೇಳುತ್ತೀಯೋ? ಅವ್ವನ ಮೊಣಕಾಲಿಗೆ ಮಳೆಗಾಲ ಆಗಿಬರುವುದಿಲ್ಲ, ಹಿತ್ತಲಿಗೆ ಒಬ್ಬಳನ್ನೇ ಬಿಡಬೇಡ, ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ನದಿ ಪಕ್ಕದ ರಸ್ತೆ ಮುಚ್ಚಿದ್ದಾರೆ. ನಿಮ್ಮ ಭಾವ ಭೋಸರಿಯ ಕಾರ್ಖಾನೆಗೆ ಊರೆಲ್ಲ ಸುತ್ತಿಕೊಂಡು ಹೋಗಿ, ಬಂದ ಮೇಲೆ ಪುಣೆಯ ರಸ್ತೆಗಳನ್ನು ಮರಾಠಿಯಲ್ಲಿ ಮನಸಾರೆ ಬಯ್ಯುತ್ತಾರೆ. ಅತ್ತೆಯವರು ಆಸ್ಪತ್ರೆಯಿಂದ ಬಂದ ಮೇಲೆ ಚೇತರಿಸಿಕೊಂಡಿದ್ದಾರೆ, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಅಂತ ಜಗಳವಾಡುವಷ್ಟು ಶಕ್ತಿ ಬಂದಿದೆ. ನನ್ನ ಬಲಗೈ ಮಣಿಕಟ್ಟು ಮಾತ್ರ ಹಾಗೇ ಇದೆ. ಪಟ್ಟಿ ಕಟ್ಟಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದಲ್ಲಿ ಹೊಂದಿಸಿ ಓದಿಕೋ. ಈ ಮಣಿಕಟ್ಟಿನಿಂದಲೇ ಎಲ್ಲ ಶುರುವಾಯಿತು ಅಂತ ನನಗೆ ನಿನ್ನೆಯಷ್ಟೇ ಗೊತ್ತಾಯಿತು.

ಫೋನಿರುವಾಗ ಅಕ್ಕ ಯಾಕೆ ಕಾಗದ ಬರೆದಳು ಅಂದುಕೊಳ್ಳುತ್ತಿರಬೇಕು. ಫೋನಿನಲ್ಲಿ ನೀನು ಭಾಳ ಚೆನ್ನಾಗಿ ಮಾತಾಡುತ್ತೀಯ, ವಿನೂ. ಒಂದು ವರ್ಷದಿಂದ ಎಷ್ಟು ಚೆನ್ನಾಗಿ ಮಾತಾಡಿದ್ದೀಯ ಅಂತ ನೆನೆಸಿಕೊಂಡರೆ ಮೈ ಉರಿಯುತ್ತದೆ. ಮೆಸೇಜು ಕಳಿಸಿದರೆ ಹೆಬ್ಬೆರಳಲ್ಲಿ ಎರಡು ಗೊಂಬೆ ಒತ್ತಿ ಕಳಿಸಿಬಿಡುತ್ತೀಯ. ಅದೂ ಅಲ್ಲದೆ ಪರದೆಯ ಮೇಲೆ ಯಾರು ಬೇಕಾದರೂ ಇನ್ನಾರೋ ಆಗಿಬಿಡಬಹುದು, ಅದನ್ನು ನನಗೆ ಕಲಿಸಿದವನು ನೀನೇ. ಕಾಗದದಲ್ಲಿ ಹಾಗಿಲ್ಲ. ಉತ್ತರ ಬರೆಯುವುದಾದರೆ ನೀನೂ ಕೈಯಲ್ಲೇ ಬರೆ. ನಿನ್ನ ಕಾಗೆ ಕಾಲಿನ ಅಕ್ಷರ ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

ಮೊದಲು ಒಂದು ಹಳೆಯ ಮಾತು. ಧಾರವಾಡದ ಮನೆಯ ನಡುಮನೆಯಲ್ಲಿ ಅಪ್ಪ ತಂದಿಟ್ಟಿದ್ದ ಕಂಪ್ಯೂಟರ್ ನೆನಪಿದೆಯಲ್ಲ? ನಾನು ಕಾಲೇಜಿಗೆ ಹೋಗುತ್ತಿದ್ದೆ, ನೀನಿನ್ನೂ ಹೈಸ್ಕೂಲು. ಕಪ್ಪು ಕಿಟಕಿಯಲ್ಲಿ ಕಮಾಂಡ್ ಹೊಡೆಯುವುದನ್ನು ನಿನಗೆ ನಾನೇ ಕಲಿಸಿದೆ. ಹಿಂದುಗಡೆ ಮಂಚದ ಮೇಲೆ ಅಜ್ಜಿ ಹೂಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದಳು. ಕೆಲಸ ಮುಗಿದ ಮೇಲೆ ನಾನು ‘ಎಕ್ಸಿಟ್’ ಅಂತ ಹೊಡೆದು ಕಿಟಕಿ ಮುಚ್ಚುತ್ತಿದ್ದೆ. ಹಾಗಂದರೆ ಏನು ಅಂತ ಒಂದು ದಿನ ಅಜ್ಜಿ ಕೇಳಿದಳು. ಹೊರಟು ಹೋಗ್ತೇನಿ ಅಂತ ಹೇಳೂದು ಅಂದೆ. ಬತ್ತಿ ಬಿಸಾಕಿ ಎದ್ದು ಕೂತಳು. “ಮನ್ಯಾಗ ಕುಂತು ದಿನಾ ಹೊಕ್ಕೇನಿ ಹೊಕ್ಕೇನಿ ಅಂತ ಬರೀತಿಯೇನ? ಬುದ್ಧಿ ಅದನೋ ಇಲ್ಲೋ? ಬರ್ತೇನಿ ಅನ್ನು!” ನಮ್ಮ ಮನೆಯಲ್ಲಿ ಅಂಗಡಿಗೆ ಹೊರಟರೂ ‘ಬರ್ತೇನಿ’ ಅಂದೇ ಹೊಸ್ತಿಲು ದಾಟಬೇಕಿತ್ತು, ಯಂತ್ರಕ್ಕೆ ಮಾತ್ರ ಯಾಕೆ ವಿನಾಯಿತಿ? ಅಜ್ಜಿಯ ಕಾಟ ತಡೆಯಲಾರದೆ ಆ ಕಂಪ್ಯೂಟರಿನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ, ‘ಬರ್ತೇನಿ’ ಅಂತ ಹೊಡೆದರೆ ಸಾಕು, ಅದೇ ಎಕ್ಸಿಟ್ ಆಗಬೇಕು ಅಂತ. ಪಕ್ಕದಲ್ಲಿ ಯಂತ್ರ ಓದದ, ಮನುಷ್ಯರು ಮಾತ್ರ ಓದುವ ಟಿಪ್ಪಣಿ ಹಾಕಿದೆ: ‘ಅಜ್ಜಿ ಬೈತಾಳ’. ನೀನು ಬಿದ್ದು ಬಿದ್ದು ನಕ್ಕಿದ್ದೆ. ಮುಂದೆ ನೀನು ನಿನ್ನದೇ ಯಂತ್ರ ಕೊಂಡಾಗ ನನ್ನ ಫೈಲನ್ನೇ ನಕಲು ಮಾಡಿಕೊಂಡೆ. ಇಷ್ಟನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಮೇಲೆ ಮದುವೆಯಾಗಿ ಪುಣೆಗೆ ಬಂದೆ. ನೀನೇ ರೈಲು ಹತ್ತಿಸಿದೆ. ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ಮಿರಜಿನಲ್ಲಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ನಿಮ್ಮ ಭಾವ ಮೊದಲ ಸಲ ಕೆಂಪು ಚಟ್ನಿ ತಿಂದು ನೀರಿನ ಬಾಟಲಿ ಖಾಲಿ ಮಾಡಿದರು. ಇಲ್ಲಿ ಆಫೀಸಿನಲ್ಲಿ ಹೊಸ ಯಂತ್ರ ಕೊಟ್ಟರು, ಅದರಲ್ಲಿ ನನ್ನದು ಅನ್ನುವುದು ಏನೂ ಇರಲಿಲ್ಲ. ಬಣ್ಣ ಬೇರೆ, ನಾನಿಟ್ಟ ಅಡ್ಡಹೆಸರಿನ ಕಮಾಂಡುಗಳು ಇಲ್ಲ, ‘ಬರ್ತೇನಿ’ ಅಂತ ಹೊಡೆದರೆ ಹಾಗೆಂದರೆ ಏನು ಅಂತ ಕೇಳಿತು. ಅವತ್ತು ಅತ್ತುಬಿಟ್ಟೆ ಅಂತ ನಿನಗೆ ಮಾತ್ರ ಹೇಳಿದ್ದೆ. ಆಮೇಲೆ ನಾನೇ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಚುಕ್ಕಿಯಿಂದ ಶುರುವಾಗುವ ಹೆಸರಿನ, ಕಣ್ಣಿಗೆ ಬೀಳದೆ ಕೂತಿರುವ ಆ ಸೆಟ್ಟಿಂಗ್ ಫೈಲುಗಳನ್ನೆಲ್ಲ ಹಳೆಯ ಯಂತ್ರದಲ್ಲಿ ಕಟ್ಟುವುದು, ಹೊಸದರಲ್ಲಿ ಬಿಚ್ಚುವುದು, ಅಷ್ಟೇ ಅದರ ಕೆಲಸ. ‘ಬುತ್ತಿ’ ಅಂತ ಹೆಸರಿಟ್ಟವನು ನೀನು. ಕಮಾಂಡುಗಳು ‘ಕಟ್ಟು’, ‘ಬಿಚ್ಚು’. ಇಂಗ್ಲಿಷ್ ಇಡೋಣ ಅಂದರೆ ಕೇಳಲಿಲ್ಲ ನೀನು. ಪೋಲೆಂಡಿನವನು ‘ಕಟ್ಟು’ ಅಂತ ಹೊಡೆಯಲಿ, ನಮಗೇನು ಗಂಟು ಹೋಯಿತು ಅಂದೆ.

ಹೊಡೆದರು ವಿನೂ, ನಿಜವಾಗಲೂ ಹೊಡೆದರು. ಯಾರು ಬೇಕಾದರೂ ಬಳಸಲಿ, ಒಳಗಿನದನ್ನು ನೋಡಲಿ, ತಿದ್ದಲಿ ಅಂತ ಅಂತರ್ಜಾಲದಲ್ಲಿ ತೆರೆದಿಟ್ಟೆವಲ್ಲ, ಎಲ್ಲೆಲ್ಲಿಂದಲೋ ಜನ ಬಂದರು. ಬ್ರೆಝಿಲಿನವನೊಬ್ಬ ಬುತ್ತಿ ಅಂದರೆ ಏನು ಅಂತ ಕೇಳಿ, ತಿಳಿದ ಮೇಲೆ ತನ್ನ ಊಟದ ಡಬ್ಬಿಯ ಫೋಟೋ ಕಳಿಸಿದ. ಬೆಳಿಗ್ಗೆ ಕುಕ್ಕರ್ ಒಲೆಯ ಮೇಲಿಟ್ಟು ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಇವರೆಲ್ಲರ ದೂರುಗಳಿಗೆ ಉತ್ತರ ಬರೆಯುವುದು ನನಗೆ ಪೂಜೆಯಂತೆ ಆಗಿಹೋಗಿತ್ತು. ಅತ್ತೆಯವರು ಬಾಗಿಲಲ್ಲಿ ನಿಂತು “ಡಬಾ ಭರಲಾ ಕಾ ಗ?” ಅಂತ, ನಿನ್ನ ಡಬ್ಬಿ ತುಂಬಿತೇನೇ ಅಂತ, ಕೆಣಕುತ್ತಿದ್ದರು. ಸೊಸೆ ಊರವರಿಗೆಲ್ಲ ಪುಕ್ಕಟೆ ಡಬ್ಬಿ ಕಟ್ಟುತ್ತಾಳೆ, ನನ್ನ ಚಹಾ ಮಾತ್ರ ಆರಿಹೋಗುತ್ತದೆ ಅಂತ ನೆರೆಯವರ ಮುಂದೆ ಹೇಳಿದರೂ ಅದರಲ್ಲಿ ಹೆಮ್ಮೆ ಇತ್ತು. ಆಫೀಸಿನಲ್ಲಿ ನಾನು ಮಾಡುವುದು ಯಾರಿಗೋ ಸೇರಿದ್ದು. ಇದೊಂದು ನನ್ನದು. ನನ್ನದು ಮತ್ತು ನಿನ್ನದು. ಅದಕ್ಕೇ ಹೊಸ ಆವೃತ್ತಿ ಹೊರಗೆ ಬಿಡುವ ಕೀಲಿಯನ್ನು ಈ ಭೂಮಿಯ ಮೇಲೆ ಇನ್ನೊಬ್ಬನಿಗೆ ಮಾತ್ರ ಕೊಟ್ಟಿದ್ದೆ.

ಕಳೆದ ಪಂಚಮಿಗೆ ಎಂದಿನಂತೆ ನೀನು ಕರೆಯಲು ಬಂದೆ. ನಾನು ನಿನ್ನ ಜೊತೆ ತವರಿಗೆ ಹೋದೆ. ಹಿತ್ತಲ ಬೇವಿನ ಮರಕ್ಕೆ ನೀನು ಜೋಕಾಲಿ ಕಟ್ಟಿದ್ದೆ. ಹಗ್ಗ ಹಿಡಿಯಲು ಹೋದಾಗ ನನ್ನ ಮಣಿಕಟ್ಟಿನ ಪಟ್ಟಿ ಅವ್ವನ ಕಣ್ಣಿಗೆ ಬಿತ್ತು, ಮನೆಯಲ್ಲಿ ಗಲಾಟೆಯಾಯಿತು. ಟೈಪು ಮಾಡಿ ಮಾಡಿ ನರ ಊದಿದೆ, ಡಾಕ್ಟರು ಕೈಗೆ ವಿಶ್ರಾಂತಿ ಕೊಡಿ ಅಂದಿದ್ದಾರೆ, ಅಷ್ಟೇ ಅಂದೆ. ನೀನು ಮಾತ್ರ ಬೈಯದೆ ನನ್ನ ಕೈಗೆ ಎಳ್ಳುಂಡಿ ಕೊಟ್ಟೆ. ಎಷ್ಟು ತಿಳುವಳಿಕೆಯ ತಮ್ಮ ಅಂತ ರೈಲಿನುದ್ದಕ್ಕೂ ಹಿಗ್ಗುತ್ತಾ ಬಂದೆ.

ದಸರೆಯ ಸುಮಾರಿಗೆ ಬುತ್ತಿಯ ಪುಟದಲ್ಲಿ ‘ಕೋಲ್ಡ್‌ಟೀ’ ಅನ್ನುವ ಹೆಸರು ಕಾಣಿಸಿಕೊಂಡಿತು. ಮುಖವಿಲ್ಲ, ಊರಿಲ್ಲ. ಮೊದಲು ಒಂದು ದೂರು, ಬುತ್ತಿ ಬಿಚ್ಚಿದರೆ ಕೆಲವು ಸಾಲು ಎರಡೆರಡು ಸಲ ಬರುತ್ತವೆ ಅಂತ. ನನ್ನ ಯಂತ್ರದಲ್ಲಿ ಹಾಗೆ ಆಗಲಿಲ್ಲ, ನೋಡುತ್ತೇನೆ ಅಂತ ಬರೆದೆ. ಅಲ್ಲಿಂದ ಬೆನ್ನು ಹತ್ತಿದ. ಅವನು ಬರೆದದ್ದು ಇಂಗ್ಲಿಷಿನಲ್ಲಿ, ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಹೇಗೆ ಕೇಳಿಸುತ್ತದೆ ನೋಡು. ‘ನಡೆಸುವವರಿಗೆ ಇದು ಹವ್ಯಾಸ ಇರಬಹುದು, ಬಳಸುವ ನಮಗೆ ಕೆಲಸ.’ ‘ಕೈಲಾಗದಿದ್ದರೆ ಬಾಗಿಲು ಹಾಕಿ, ಬೇರೆಯವರು ಇನ್ನೊಂದು ಕಟ್ಟಿಕೊಳ್ಳುತ್ತಾರೆ.’ ಅತ್ತೆಯವರನ್ನು ಆಸ್ಪತ್ರೆಗೆ ಸೇರಿಸಿ ಹೊಸ ಆವೃತ್ತಿ ತಡವಾದಾಗ ಬರೆದ: ‘ಮನೆಯ ಕಾರಣಗಳು ಬೇಡ.’ ಮನೆಯ ಕಾರಣ ಅಂತ ನಾನು ಅಲ್ಲಿ ಎಲ್ಲೂ ಬರೆದಿರಲಿಲ್ಲ, ವಿನೂ. ತಡವಾಗುತ್ತದೆ ಅಂತ ಮಾತ್ರ ಬರೆದಿದ್ದೆ. ಆಸ್ಪತ್ರೆಯ ವಿಷಯ ಹೊರಗೆ ಹೇಳಿದ್ದು ಒಬ್ಬನಿಗೇ. ನನಗೆ ಆಗಲೇ ಹೊಳೆಯಬೇಕಿತ್ತು. ಆದರೆ ಅಂಥ ಜಾಗದಲ್ಲಿ ಹುಡುಕಬೇಕು ಅಂತ ಯಾವ ಅಕ್ಕನಿಗೆ ಹೊಳೆಯುತ್ತದೆ?

ಬೇರೆಯವರೂ ನೋಡಿದರು. ಒಬ್ಬಿಬ್ಬರು ನನ್ನ ಪರ ಬರೆದರು, ಕೆಲವರು ಅವನ ಧಾಟಿಯನ್ನೇ ಹಿಡಿದರು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವುದಕ್ಕೇ ಹೆದರತೊಡಗಿದೆ. ಅನ್ನ ಸೀದು ಹೋಗುವಂತೆ ಒಂದೇ ವಾಕ್ಯವನ್ನು ತಿದ್ದುತ್ತಾ ಕೂತಿರುತ್ತಿದ್ದೆ, ಅವನಿಗೆ ಎಲ್ಲಿ ತಪ್ಪು ಸಿಗುತ್ತದೋ ಅಂತ. ಇಷ್ಟು ವರ್ಷ ಮಾಡಿದ್ದೆಲ್ಲ ಅರೆಬರೆ ಕೆಲಸ, ನನಗೆ ಬರುವುದೇ ಇಷ್ಟು ಅನ್ನಿಸಿತು. ಆಮೇಲೆ ಯಾರಿಗೆ ಫೋನು ಮಾಡುತ್ತಿದ್ದೆ? ನಿನಗೆ. ಫೋನು ಹಿಡಿದು ಅಳುತ್ತಿದ್ದೆ. ನೀನು ಸಮಾಧಾನ ಮಾಡುತ್ತಿದ್ದೆ. “ಬಿಟ್ಟಬಿಡ ಅಕ್ಕ. ಯಾರ ಸಲುವಾಗಿ ಇಷ್ಟ ಸಾಯ್ತಿ? ಅಂವಾ ಯಾವನೋ ಏನೋ, ಅವನ ಮಾತು ಯಾಕ ಮನಸಿಗೆ ಹಚ್ಕೋತಿ?” ಯಾವನೋ ಏನೋ ಅಂದೆಯಲ್ಲ, ಆ ಮಾತನ್ನು ಹೇಳುವಾಗ ನಿನ್ನ ನಾಲಿಗೆ ಹೇಗೆ ಹೊರಳಿತೋ! ನಾನು ಎಲ್ಲಿ ನೋಯುತ್ತದೆ ಅಂತ ತೋರಿಸುತ್ತಿದ್ದೆ, ಒಂದೆರಡು ದಿನ ಬಿಟ್ಟು ಸರಿಯಾಗಿ ಅಲ್ಲಿಗೇ ಪೆಟ್ಟು ಬೀಳುತ್ತಿತ್ತು.

ಕಡೆಗೆ ಸೋತೆ. ಬುತ್ತಿಯನ್ನು ಮುಚ್ಚುತ್ತೇನೆ, ಇನ್ನು ಮುಂದೆ ಇದನ್ನು ಯಾರೂ ನೋಡಿಕೊಳ್ಳುವುದಿಲ್ಲ, ಇಷ್ಟು ದಿನ ಬಳಸಿದವರಿಗೆಲ್ಲ ನಮಸ್ಕಾರ ಅಂತ ಒಂದು ಟಿಪ್ಪಣಿ ಬರೆದಿಟ್ಟು ನಿನಗೆ ಓದಿ ಹೇಳಿದೆ. “ಚಲೋ ಆತು ಅಕ್ಕ,” ಅಂದೆ. ನಿನ್ನ ದನಿ ಹಗುರಾಗಿತ್ತು. ಮುಚ್ಚುವ ಮೊದಲು ಬಾಕಿ ಇದ್ದ ದೂರುಗಳನ್ನು ತೀರಿಸಿ ಹೋಗೋಣ ಅನ್ನಿಸಿತು. ಮನೆ ಬಿಟ್ಟು ಹೋಗುವವರು ಕಸ ಗುಡಿಸಿ ಹೋಗಬೇಕು ಅಂತ ಅವ್ವ ಕಲಿಸಿಲ್ಲವೇ, ಹಾಗೆ. ಎಲ್ಲ ಮುಗಿದು ಉಳಿದದ್ದು ಕೋಲ್ಡ್‌ಟೀಯ ಆ ಮೊದಲ ದೂರು ಒಂದೇ. ನಿಮ್ಮ ಸೆಟ್ಟಿಂಗ್ ಫೈಲು ಕಳಿಸಿ, ಖಾಸಗಿ ವಿವರ ಅಳಿಸಿ ಕಳಿಸಿ, ನೋಡುತ್ತೇನೆ ಅಂತ ಬರೆದೆ. ಅಕ್ಕ ಹೇಗೂ ಹೋಗುವವಳು ಅನ್ನುವ ಉಮೇದಿನಲ್ಲಿ ಅವಸರ ಮಾಡಿದೆಯೋ ಏನೋ, ಮೊನ್ನೆ ಶುಕ್ರವಾರ ಫೈಲು ಬಂತು.

ನಿನ್ನೆ ಬೆಳಿಗ್ಗೆ ಅದನ್ನು ತೆರೆದೆ. ಪಕ್ಕದಲ್ಲಿ ತಟ್ಟೆಯಲ್ಲಿ ಅವಲಕ್ಕಿಯ ಪೋಹೆ ಇತ್ತು, ಅತ್ತೆಯವರು ರೇಡಿಯೋ ಹಚ್ಚಿದ್ದರು. ಖಾಸಗಿ ವಿವರ ಅಳಿಸಲು ಬುತ್ತಿಯಲ್ಲಿ ನಾನೇ ಬರೆದ ‘ತೊಳೆ’ ಕಮಾಂಡಿನಿಂದ ತೊಳೆದು ಕಳಿಸಿದ್ದು ಅಂತ ನೋಡಿದ ಕೂಡಲೇ ತಿಳಿಯಿತು. ಚೊಕ್ಕಟವಾಗಿತ್ತು, ಒಬ್ಬ ಮನುಷ್ಯ ಬಳಸಿದ್ದು ಅನ್ನುವ ಸುಳಿವೇ ಇಲ್ಲ. ಓದುತ್ತಾ ಕೆಳಗೆ ಬಂದೆ. ಒಂದು ಸಾಲಿನಲ್ಲಿ ‘ಬರ್ತೇನಿ’ ಅಂತ ಇತ್ತು, ಅದು ಎಕ್ಸಿಟ್ ಆಗಬೇಕು ಅಂತ. ನಕ್ಕುಬಿಟ್ಟೆ, ನಿನ್ನಾಣೆ. ಈ ಕೆಟ್ಟ ಮನುಷ್ಯ ನಮ್ಮ ಕಡೆಯವನೇ, ಇವನ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾಳೆ ಅಂತ ಒಂದು ಗಳಿಗೆ ಅವನ ಮೇಲೆ ಕನಿಕರವೂ ಬಂತು. ಆಮೇಲೆ ಪಕ್ಕದ ಟಿಪ್ಪಣಿ ಕಂಡಿತು. ‘ಅಜ್ಜಿ ಬೈತಾಳ’. ನಾನೇ ಬರೆದ ಸಾಲು. ಆ ತೊಳೆಯುವ ಕಮಾಂಡು ಹೆಸರು ತೊಳೆಯುತ್ತದೆ, ವಿಳಾಸ, ಪಾಸ್‌ವರ್ಡು ಎಲ್ಲ ತೊಳೆಯುತ್ತದೆ. ಅಜ್ಜಿಯನ್ನು ತೊಳೆಯುವುದನ್ನು ಅದಕ್ಕೆ ನಾನು ಹೇಳಿಕೊಟ್ಟಿಲ್ಲ. ನಿನಗಾದರೂ ಆ ಸಾಲು ಕಾಣಿಸಲಿಲ್ಲವೇ? ಕಾಣಿಸಿರಲಾರದು. ಹೊಸ್ತಿಲು ದಾಟುವಾಗ ‘ಬರ್ತೇನಿ’ ಅನ್ನುತ್ತೇವೆ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೆ ತಾನೇ ಕಾಣಿಸುತ್ತದೆ?

ಅತ್ತೆಯವರು ಬಂದು ನನ್ನ ಮುಖ ನೋಡಿ, ಊರಿಂದ ಕೆಟ್ಟ ಸುದ್ದಿಯೇನು ಅಂತ ಕೇಳಿದರು. ಹೌದು ಅಂದೆ. ಸಂಜೆ ನೀನು ಮಾರುಕಟ್ಟೆಗೆ ಹೋಗಿರುವ ಹೊತ್ತು ನೋಡಿ ಅವ್ವನಿಗೆ ಫೋನು ಮಾಡಿದೆ, ಬುತ್ತಿ ಬಿಡುವ ಬಗ್ಗೆ ವಿನೂನ ಹತ್ತಿರ ಏನಾದರೂ ಮಾತಾಡಿದ್ದೆಯಾ ಅಂತ. ಪಾಪ, ಅವಳು ಮುಚ್ಚಿಡಲಿಲ್ಲ, ಮುಚ್ಚಿಡಬೇಕು ಅಂತ ಅವಳಿಗೆ ಗೊತ್ತೇ ಇರಲಿಲ್ಲ. “ನಾನೇ ಹೇಳಿದ್ದೆ ಅವಂಗ. ಕೈ ಹಾಳ ಮಾಡ್ಕೊಳ್ಳಾಕತ್ತಾಳ, ನನ್ನ ಮಾತು ಕೇಳಂಗಿಲ್ಲ, ಹೆಂಗಾರ ಮಾಡಿ ಬಿಡ್ಸು ಅಂದಿದ್ದೆ. ಬಿಡಸ್ತೇನಿ ಅಂದಿದ್ದ. ಬಿಟ್ಟಿಯೇನವಾ? ಚಲೋ ಆತು ನೋಡು.” ನೀನು ಹೇಗೆ ಬಿಡಿಸಿದೆ ಅಂತ ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವ್ವ ಕೇಳಿದ್ದು ಅವ್ವಂದಿರು ಕೇಳುವಂಥದ್ದೇ.

ಕಾಳಜಿಯಿಂದ ಮಾಡಿದೆ ಅನ್ನುತ್ತೀಯ, ಗೊತ್ತು. ನನ್ನ ಕೈ ಉಳಿಯಲಿ ಅಂತ ಮಾಡಿದೆ. ಹಾಗಿದ್ದರೆ ಜೋಕಾಲಿಯ ಹತ್ತಿರ ಎದುರು ನಿಂತು ಬೈಯಬೇಕಿತ್ತು. ಅಕ್ಕ, ಇದು ಹುಚ್ಚು, ಬಿಡು ಅನ್ನಬೇಕಿತ್ತು. ಲ್ಯಾಪ್‌ಟಾಪ್ ಕಸಿದುಕೊಂಡು ಅಟ್ಟದ ಮೇಲಿಟ್ಟಿದ್ದರೂ ನಾಲ್ಕು ದಿನ ಮಾತು ಬಿಟ್ಟು ಐದನೇ ದಿನ ನಗುತ್ತಿದ್ದೆ. ಕೆಲಸ ಹಂಚಿಕೋ ಅಂದಿದ್ದರೆ ಅರ್ಧ ಕೆಲಸ ನಿನ್ನ ಮಡಿಲಿಗೆ ಹಾಕುತ್ತಿದ್ದೆ, ಕೀಲಿ ನಿನ್ನ ಕೈಯಲ್ಲಿ ಇದ್ದೇ ಇತ್ತು. ಅದು ಯಾವುದನ್ನೂ ಮಾಡದೆ, ನನಗೆ ಏನೂ ಬರುವುದಿಲ್ಲ ಅಂತ ನಾನೇ ನಂಬುವ ಹಾಗೆ ಮಾಡಿದೆ. ಕೈ ಉಳಿಸಲು ಹೋಗಿ ತಲೆಯನ್ನೇ ಕೆಡಿಸಿದೆ. ಎದುರಿಗೆ ಸಕ್ಕರೆಯಂಥ ತಮ್ಮ, ಬೆನ್ನಿಗೆ ಕೋಲ್ಡ್‌ಟೀ. ಇನ್ನು ಫೋನಿನಲ್ಲಿ ನೀನು ‘ಊಟ ಆತೇನ ಅಕ್ಕ’ ಅಂದರೂ, ಇದನ್ನು ಕೇಳುತ್ತಿರುವವನು ಯಾರು ಅಂತ ಒಂದು ಕ್ಷಣ ಯೋಚಿಸಬೇಕು. ನನಗೆ ಅದೇ ಸಂಕಟ. ಹೊರಗಿನವನಾಗಿದ್ದರೆ ಎಷ್ಟು ಬೈದರೂ ಹೊರಗೇ ಇರುತ್ತಿದ್ದ.

ಇರಲಿ. ಆ ಬೀಳ್ಕೊಡುಗೆಯ ಟಿಪ್ಪಣಿ ಅಳಿಸಿದೆ. ಬುತ್ತಿಯನ್ನು ಮುಚ್ಚುವುದಿಲ್ಲ. ಕೈ ನೋಯುತ್ತದೆ, ಕಡಿಮೆ ಬರೆಯುತ್ತೇನೆ, ತಡವಾಗುತ್ತದೆ ಅಂತ ಪುಟದ ಮೇಲ್ಗಡೆಯೇ ಬರೆದು ಹಾಕಿದ್ದೇನೆ. ಅದನ್ನು ಓದಿ ಬ್ರೆಝಿಲಿನ ಡಬ್ಬಿಯವನು ದೂರುಗಳಿಗೆ ತಾನು ಉತ್ತರಿಸುತ್ತೇನೆ ಅಂತ ಒಪ್ಪಿಕೊಂಡಿದ್ದಾನೆ. ಬಾಯಿಬಿಟ್ಟು ಕೇಳಿದ್ದಕ್ಕೆ ಇಷ್ಟೇ ಸಾಕಾಯಿತು. ಇನ್ನೊಂದು, ನಿನ್ನ ದೂರು ನಿಜವಾಗಿತ್ತು. ಸಾಲುಗಳು ಎರಡೆರಡು ಸಲ ಬರುತ್ತಿದ್ದವು, ತಪ್ಪು ನನ್ನದೇ, ಸರಿಪಡಿಸಿದ್ದೇನೆ. ಎಲ್ಲರಿಗೂ ಬರೆಯುವಂತೆಯೇ ಕೋಲ್ಡ್‌ಟೀಗೂ ಬರೆದೆ: ತಿಳಿಸಿದ್ದಕ್ಕೆ ವಂದನೆಗಳು, ಹೊಸ ಆವೃತ್ತಿ ಹಾಕಿಕೊಳ್ಳಿ. ಅವನು ಯಾರು ಅಂತ ಅಲ್ಲಿ ಯಾರಿಗೂ ಹೇಳಿಲ್ಲ. ನಿನ್ನ ಮರ್ಯಾದೆ ನನ್ನ ಮರ್ಯಾದೆಯೂ ಹೌದು, ಏನು ಮಾಡಲಿ.

ಅವ್ವನಿಗೆ ನಮಸ್ಕಾರ ಹೇಳು, ಮೊಣಕಾಲಿಗೆ ಎಣ್ಣೆ ಕಾಸಿ ಹಚ್ಚು. ಹೊಟ್ಟೆ ಜೋಪಾನ, ಹಸಿದುಕೊಂಡು ಪಾಠಕ್ಕೆ ಹೋಗಬೇಡ. ದೇವರು ನಿನಗೆ ಆಯುಷ್ಯ ಆರೋಗ್ಯ ಕೊಡಲಿ. ಇದನ್ನು ಬಾಯಿಮಾತಿಗೆ ಬರೆದಿಲ್ಲ.

ನಿನ್ನ ಅಕ್ಕ,
ನೀಲಿಮಾ

ತಾ.ಕ.: ಅಂಚೆ ಡಬ್ಬಿಗೆ ಹಾಕಲು ನಿಮ್ಮ ಭಾವ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಈ ಸಲ ಪಂಚಮಿಗೆ ಕರೆಯಲು ಬರಬೇಡ. ಟಿಕೆಟ್ಟು ತೆಗೆಸಿದ್ದರೆ ರದ್ದು ಮಾಡು, ಅವ್ವನಿಗೆ ಏನು ಹೇಳುತ್ತೀಯೋ ನೀನೇ ಹೇಳು, ಸುಳ್ಳು ನಿನಗೆ ಚೆನ್ನಾಗಿ ಬರುತ್ತದೆ. ಬುತ್ತಿಯ ಕೀಲಿ ಇದ್ದವರಲ್ಲಿ ನಿನ್ನ ಹೆಸರನ್ನು ಇವತ್ತು ಬೆಳಿಗ್ಗೆ ತೆಗೆದುಹಾಕಿದೆ. ತೆಗೆದ ಮೇಲೆ ಕಿಟಕಿ ಮುಚ್ಚಬೇಕಲ್ಲ, ಬೆರಳು ರೂಢಿಯಂತೆ ‘ಬರ್ತೇನಿ’ ಅಂತ ಹೊಡೆದುಬಿಟ್ಟಿತು. ಅದನ್ನು ಒಂದೊಂದೇ ಅಕ್ಷರ ಅಳಿಸಿ, ‘ಎಕ್ಸಿಟ್’ ಅಂತ ಹೊಡೆದೆ.